ನವನಗರದ ಬೋರ್ಡಿಲ್ಲದ ಟೇಲರ್ ಅಂಗಡಿ: ಹೈಸ್ಕೂಲ್ ಹುಡುಗಿಯರಿಗೆ ಬಟ್ಟೆ ಹೊಲಿಸುವವರು ಓದಿ

ಮೊದಲೇ ಹೇಳಿಬಿಡುತ್ತೇನೆ, ಇದು ಬೊಟಿಕ್ ಅಲ್ಲ. ಎಸಿ ಇಲ್ಲ, ಗಾಜಿನ ಬಾಗಿಲಿಲ್ಲ, ಇನ್‌ಸ್ಟಾಗ್ರಾಂ ಪೇಜ್ ಇಲ್ಲ, ಬೋರ್ಡ್ ಕೂಡ ಇಲ್ಲ. ಬಾಗಲಕೋಟೆ ನವನಗರದ ಒಂದು ಸೆಕ್ಟರಿನಲ್ಲಿ ಮನೆಯ ಮುಂದಿನ ಖೋಲಿ. ಅದರಲ್ಲಿ ಎರಡು ಹೊಲಿಗೆ ಮಷೀನು, ಒಂದು ಓವರ್‌ಲಾಕ್, ಗೋಡೆಯ ಮೊಳೆಗಳಿಗೆ ನೇತುಹಾಕಿದ ಬಟ್ಟೆಗಳು, ಮೂಲೆಯಲ್ಲಿ ಹಳೆ ಸೀರೆಯ ಪರದೆ. ಹೊಲಿಯುವ ಅಕ್ಕನವರಿಗೆ ಐವತ್ತು ದಾಟಿದೆ. ಹಳೇ ಬಾಗಲಕೋಟೆಯವರು, ಆಲಮಟ್ಟಿ ಹಿನ್ನೀರಿಗೆ ಮನೆ ಹೋದ ಮೇಲೆ ಇಲ್ಲಿಗೆ ಬಂದವರು. ನಿಮ್ಮ ಬಗ್ಗೆ ಬರೆಯುತ್ತೇನೆ ಅಂದಾಗ "ಹೆಸರ ಹಾಕಬ್ಯಾಡ್ರಿ ಅಕ್ಕೋರ, ಇರೋ ಕೆಲಸಾನ ಮುಗಿವಲ್ದು" ಅಂದರು. ಹಾಗಾಗಿ ಹಾಕಿಲ್ಲ. ಈ ಕಡೆಯವರಿಗೆ ಇಷ್ಟು ಹೇಳಿದರೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಯಾವುದಾದರೂ ಹೈಸ್ಕೂಲ್ ಹುಡುಗಿಯನ್ನು ಕೇಳಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ, ಅದಕ್ಕೆ ಕಾರಣ ಜಾಸ್ತಿಯೇ ಇದೆ.

ನಾನು ಹೈಸ್ಕೂಲ್ ಟೀಚರ್. ಅಣ್ಣನ ಮಗಳು ನಮ್ಮ ಮನೆಯಲ್ಲೇ ಇದ್ದು ಒಂಬತ್ತನೇ ಕ್ಲಾಸ್ ಓದುತ್ತಾಳೆ. ಹೋದ ವರ್ಷದಿಂದ ಹುಡುಗಿ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕುವುದು ಶುರು ಮಾಡಿದಳು. ಬಾಗಲಕೋಟೆಯ ಬಿಸಿಲು ಗೊತ್ತಲ್ಲ? ಮಾರ್ಚ್ ತಿಂಗಳಲ್ಲಿ ಫ್ಯಾನ್ ಕೆಳಗೆ ಕೂತರೂ ಬೆನ್ನು ಒದ್ದೆ. ಅಂಥದರಲ್ಲಿ ಉಣ್ಣೆ ಸ್ವೆಟರ್, ಕುತ್ತಿಗೆವರೆಗೂ ಗುಂಡಿ. ಜ್ವರ ಏನೇ ಅಂದರೆ ಇಲ್ಲ. ಚಳಿಯಾ ಅಂದರೆ ಇಲ್ಲ. ಇದು ಅವಳೊಬ್ಬಳ ಕಥೆಯಲ್ಲ. ನನ್ನ ಕ್ಲಾಸಿನಲ್ಲೂ ಕೊನೆ ಬೆಂಚಿನ ಎರಡು ಸಾಲು ಸ್ವೆಟರ್ ಸಾಲೇ. ಟೀಚರುಗಳಿಗೆಲ್ಲ ಇದು ಗೊತ್ತು. ಬೋರ್ಡಿಗೆ ಕರೆದರೆ ಬರುವುದಿಲ್ಲ, ಉತ್ತರ ಗೊತ್ತಿದ್ದರೂ ಬರುವುದಿಲ್ಲ, ಬಂದರೆ ಭುಜ ಮುಂದಕ್ಕೆ ಬಾಗಿಸಿ ಓಡ್ನಿ ಎಳೆದುಕೊಳ್ಳುತ್ತಾ ಬರುತ್ತಾರೆ.

ನಮ್ಮ ಹುಡುಗಿಗೆ ಇದು ಯಾವಾಗ ಶುರುವಾಯಿತು ಅಂತ ಸ್ವಲ್ಪ ಅಂದಾಜಿದೆ. ಯೂನಿಫಾರ್ಮ್ ಹೊಲಿಸಲು ಅವಳನ್ನು ಪೇಟೆಯ ಒಂದು ಟೇಲರಿಂಗ್ ಅಂಗಡಿಗೆ ಕಳಿಸಿದ್ದರು (ಹೆಸರು ಬೇಡ). ಅಲ್ಲಿ ಅಳತೆ ತೆಗೆಯುವವರು ಟೇಪು ಹಿಡಿದು ಒಂದೊಂದೇ ನಂಬರ್ ಜೋರಾಗಿ ಕೂಗುತ್ತಾರೆ, ಅಂಗಡಿಯ ಆ ತುದಿಯಲ್ಲಿ ಒಬ್ಬ ಹುಡುಗ ಬರೆದುಕೊಳ್ಳುತ್ತಾನೆ, ನಡುವೆ ಬೆಂಚಿನ ಮೇಲೆ ಕಾಯುತ್ತಿರುವ ಗಿರಾಕಿಗಳು. ನಂಬರ್ ಕೂಗಿದ್ದು ಸಾಲದು ಅಂತ "ಈ ವಯಸ್ಸಿಗೇ ಇಷ್ಟಾ?" ಅಂತ ಒಂದು ಮಾತು. ಹೇಳಿದವರಿಗೆ ಅದು ಸುಮ್ನೆ ಮಾತು. ಕೇಳಿಸಿಕೊಂಡವಳಿಗೆ ಹದಿಮೂರು ವರ್ಷ.

ಈಗ ನವನಗರದ ಅಕ್ಕ ಏನು ಮಾಡುತ್ತಾರೆ ನೋಡಿ.

ಅಳತೆ ಪರದೆಯ ಹಿಂದೆ. ಜೊತೆಗೆ ಬಂದ ದೊಡ್ಡವರು ಪರದೆಯ ಈಚೆ, ಹುಡುಗಿ ಕರೆದರೆ ಮಾತ್ರ ಆಚೆ. ಕುತ್ತಿಗೆಯಲ್ಲಿ ಟೇಪು, ಕಿವಿ ಮೇಲೆ ಪೆನ್ಸಿಲ್, ಕೈಯಲ್ಲಿ ಮಗನ ಹಳೆ ನೋಟ್‌ಬುಕ್. ಅಳೆಯುತ್ತಾರೆ, ತಾವೇ ಬರೆದುಕೊಳ್ಳುತ್ತಾರೆ, ಬಾಯಿಬಿಟ್ಟು ಒಂದು ನಂಬರೂ ಹೇಳುವುದಿಲ್ಲ. ಈಚೆ ಕೂತ ನಮಗೆ ಕೇಳುವುದು ಬೇರೆ ಮಾತು. "ಸೈಕಲ್ ಮ್ಯಾಲೆ ಹೋಗ್ತೀ ಏನ ಸಾಲಿಗೆ? ಹಂಗಾರ ಕೆಳಗ ಸೀಳ ಸ್ವಲ್ಪ ಜಾಸ್ತಿ ಇಡ್ತೀನಿ." "ಖೋ ಖೋ ಆಡ್ತೀ? ಕೈ ಮ್ಯಾಲ ಎತ್ತು ನೋಡೂಣು." "ಬಿಗಿ ಬೇಕೋ ಸಡ್ಲ ಬೇಕೋ? ನಿಮ್ಮ ಅತ್ತಿನ್ನ ಬಿಡು, ನಿನಗ ಹ್ಯಾಂಗ ಬೇಕು ಹೇಳು."

ಆ ಕೊನೆಯ ಮಾತಿಗೆ ನಮ್ಮ ಹುಡುಗಿ ತುಂಬಾ ಹೊತ್ತು ಸುಮ್ಮನಿದ್ದಳು. ಬಟ್ಟೆ ಹೇಗಿರಬೇಕು ಅಂತ ಅವಳನ್ನು ಯಾರೂ ಕೇಳಿದ್ದೇ ಇಲ್ಲವೇನೋ. ಆಮೇಲೆ ಸಣ್ಣ ದನಿಯಲ್ಲಿ, ಎದೆಯ ಹತ್ತಿರ ಸಡಿಲ ಇರಲಿ, ಆದರೆ ಚೀಲದಂತೆ ಬೇಡ ಅಂದಳು. "ಆತು" ಅಂದರು ಅಕ್ಕ. ಅಷ್ಟೇ. ಡಾರ್ಟ್ ಎಲ್ಲಿ ಹಿಡಿಯುತ್ತೇನೆ, ಒಳಗೆ ಅಸ್ತರ್ (ಲೈನಿಂಗ್ ಬಟ್ಟೆ) ಎಷ್ಟು ಉದ್ದ ಹಾಕುತ್ತೇನೆ ಅಂತ ಅವಳಿಗೇ ಹೇಳಿದರು, ದೊಡ್ಡ ಗಿರಾಕಿಗೆ ಹೇಳುವ ಹಾಗೆ. ಅಸ್ತರ್ ಮಾತು ಬಂದದ್ದೇ ಸ್ವೆಟರಿನ ಅರ್ಧ ಗುಟ್ಟು ಬಯಲಾಯಿತು. ಯೂನಿಫಾರ್ಮಿನ ಬಟ್ಟೆ ತೆಳು, ಒಳಗಿನದು ಕಾಣುತ್ತದೆ ಅನ್ನುವ ಭಯ. ನಾವು ಮನೆಯಲ್ಲಿ ಎಷ್ಟೊಂದು ಬುದ್ಧಿ ಹೇಳಿದ್ದೆವು, ಬೇಕಾಗಿದ್ದದ್ದು ಒಂದು ಮೀಟರ್ ಅಸ್ತರ್.

ಸರ್ಕಾರಿ ಹೈಸ್ಕೂಲ್ ಹುಡುಗಿಯರಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಚೂಡಿದಾರದ ಬಟ್ಟೆ ಬರುತ್ತದೆ. ಹೊಲಿಸುವುದು ಮನೆಯವರ ಪಾಲಿಗೆ. ಆ ಹೊಲಿಗೆಗೆ ನೂರು ರೂಪಾಯಿ ಉಳಿಸಲು ಅಸ್ತರ್ ಬಿಡಿಸುವ ತಾಯಂದಿರು ತುಂಬಾ ಜನ. ದಯವಿಟ್ಟು ಬಿಡಿಸಬೇಡಿ.

ಈಗ ಸ್ವಲ್ಪ ಟೀಚರ್ ಮಾತು ಆಡುತ್ತೇನೆ, ಬೇಡದವರು ಮುಂದಕ್ಕೆ ಹೋಗಿ. ಹದಿಹರೆಯದ ಮಕ್ಕಳು ತಮ್ಮ ಬಗ್ಗೆ ತಾವೇ ಏನು ಅಂದುಕೊಳ್ಳುತ್ತಾರೆ ಅಂತ ಅಳೆಯಲು ಮಾರಿಸ್ ರೋಸೆನ್‌ಬರ್ಗ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1965ರಲ್ಲಿ ಒಂದು ಪ್ರಶ್ನಾವಳಿ ಕೊಟ್ಟರು. ನ್ಯೂಯಾರ್ಕ್ ರಾಜ್ಯದ ಐದು ಸಾವಿರಕ್ಕೂ ಜಾಸ್ತಿ ಹೈಸ್ಕೂಲ್ ಮಕ್ಕಳನ್ನು ಮಾತಾಡಿಸಿ ಮಾಡಿದ್ದು. ಬರೀ ಹತ್ತು ವಾಕ್ಯ, ಒಂದೊಂದಕ್ಕೂ ಒಪ್ಪುತ್ತೀಯಾ ಇಲ್ಲವಾ ಅಂತ ನಾಲ್ಕು ಮಟ್ಟದಲ್ಲಿ ಹೇಳಬೇಕು. ಇವತ್ತಿಗೂ ಜಗತ್ತಿನಲ್ಲೆಲ್ಲ ಬಳಸುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು ಏನೆಂದರೆ, ಆ ಹತ್ತರಲ್ಲಿ ಒಂದೂ ಮುಖ, ಬಣ್ಣ, ಮೈಕಟ್ಟಿನ ಬಗ್ಗೆ ಇಲ್ಲ. ನನ್ನಲ್ಲಿ ಒಳ್ಳೆ ಗುಣ ಇವೆಯಾ, ನಾನು ಕೆಲಸಕ್ಕೆ ಬಾರದವಳಾ, ಬೇರೆಯವರಷ್ಟು ನನಗೂ ಕೆಲಸ ಬರುತ್ತದಾ, ಇಂಥವೇ.

ಆದರೂ ಆ ಉತ್ತರಗಳ ಹಿಂದೆ ಕನ್ನಡಿ ಇರುತ್ತದೆ. ಇದನ್ನು ತೋರಿಸಿದ್ದು ಡೆನ್ವರ್ ವಿಶ್ವವಿದ್ಯಾಲಯದ ಸೂಸನ್ ಹಾರ್ಟರ್. ಅವರು 1988ರಲ್ಲಿ ಹದಿಹರೆಯದವರಿಗೆ ಬೇರೆಯದೇ ಪ್ರಶ್ನಾವಳಿ ಮಾಡಿದರು. ಓದು, ಆಟ, ಗೆಳೆತನ, ನಡತೆ, ರೂಪ ಹೀಗೆ ಒಂದೊಂದನ್ನೂ ಬಿಡಿಸಿ ಕೇಳುವುದು, ಜೊತೆಗೆ ಒಟ್ಟಾರೆ ನಿನ್ನ ಬಗ್ಗೆ ನಿನಗೆ ಹೇಗನಿಸುತ್ತದೆ ಅಂತಲೂ ಕೇಳುವುದು. ಒಟ್ಟಾರೆ ಅನಿಸಿಕೆಗೆ ಎಲ್ಲಕ್ಕಿಂತ ಗಟ್ಟಿಯಾಗಿ ಗಂಟು ಬಿದ್ದಿದ್ದು ಓದಲ್ಲ, ಆಟ ಅಲ್ಲ, ನೋಡಲು ಹೇಗಿದ್ದೇನೆ ಅನ್ನುವ ಭಾವನೆ. ನಿಜವಾಗಿ ಹೇಗಿದ್ದಾಳೆ ಅನ್ನುವುದಲ್ಲ ಮತ್ತೆ, ಹೇಗಿದ್ದೇನೆ ಅಂತ ಅವಳು ಅಂದುಕೊಂಡಿದ್ದಾಳೆ ಅನ್ನುವುದು.

ಹಾರ್ಟರ್ ಅಲ್ಲಿಗೇ ಬಿಡಲಿಲ್ಲ. ಯಾವುದು ಮೊದಲು ಅಂತ ಮಕ್ಕಳನ್ನೇ ಕೇಳಿದರು. ಚೆನ್ನಾಗಿ ಕಂಡರೆ ನಿನಗೆ ನಿನ್ನ ಮೇಲೆ ಗೌರವ ಬರುತ್ತದಾ, ಅಥವಾ ನಿನಗೆ ನೀನು ಇಷ್ಟವಾಗಿದ್ದರೆ ಆಗ ರೂಪವೂ ಸರಿ ಅನಿಸುತ್ತದಾ? ರೂಪವೇ ಮೊದಲು ಅಂದ ಹುಡುಗಿಯರು ತಮ್ಮ ರೂಪದ ಬಗ್ಗೆಯೂ, ತಮ್ಮ ಬಗ್ಗೆಯೂ ಕೆಟ್ಟದಾಗಿ ಅಂದುಕೊಂಡಿದ್ದರು, ಬೇಸರದಲ್ಲೂ ಅವರೇ ಜಾಸ್ತಿ. ಹಾಗಾಗಿ "ನಮ್ಮ ಹುಡುಗಿ ಚಂದ ಇದ್ದಾಳೆ" ಅಂತ ದಿನಾ ಹೊಗಳಿದರೆ ಎಲ್ಲ ಸರಿ ಹೋಗುತ್ತದೆ ಅನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೈದರೂ ರೂಪದ ಮಾತೇ, ಹೊಗಳಿದರೂ ರೂಪದ ಮಾತೇ. ಹುಡುಗಿಗೆ ಅರ್ಥ ಆಗುವುದು ಒಂದೇ, ಎಲ್ಲರೂ ನೋಡುತ್ತಿರುವುದು ಅದನ್ನೇ ಅಂತ.

ಹುಡುಗಿಯರೆಲ್ಲ ಕುಗ್ಗಿಹೋಗಿದ್ದಾರೆ ಅಂತಲೂ ಅಲ್ಲ ಮತ್ತೆ. ಹುಡುಗರಿಗೂ ಹುಡುಗಿಯರಿಗೂ ಆತ್ಮಗೌರವದಲ್ಲಿ ಇರುವ ಅಂತರ ಸಣ್ಣದೇ ಅಂತ ನೂರಾರು ಅಧ್ಯಯನ ಒಟ್ಟು ಹಾಕಿ ನೋಡಿದವರು 1999ರಲ್ಲಿ ಹೇಳಿದ್ದಾರೆ. ಆ ಅಂತರ ಎಲ್ಲಕ್ಕಿಂತ ಹಿಗ್ಗಿ ಕಾಣುವುದು ಮಾತ್ರ ಹದಿನೈದರಿಂದ ಹದಿನೆಂಟರ ನಡುವೆ. ಅಂದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ. ಅಂಥ ಹೊತ್ತಿಗೇ ನೋಡಿ.

ಸರಿ, ಅಂಗಡಿಗೆ ಬರೋಣ. ಟ್ರಯಲ್.

ಬೇರೆ ಕಡೆ ಟ್ರಯಲ್ ಅಂದರೆ ದೊಡ್ಡ ಕನ್ನಡಿ, ಅದರ ಮುಂದೆ ನಿಲ್ಲಿಸಿ ನಾಲ್ಕು ಜನ ಸುತ್ತ ನಿಂತು ಹಿಂದೆ ತಿರುಗು, ಮುಂದೆ ತಿರುಗು. ಇಲ್ಲಿ ಕನ್ನಡಿ ಪರದೆಯ ಒಳಗಿದೆ, ಆದರೆ ಅದರ ಸರದಿ ಕೊನೆಗೆ. ಮೊದಲು ಕೂರಬೇಕು, ಏಳಬೇಕು, ಬಗ್ಗಿ ನೆಲದ ಮೇಲಿನ ಕತ್ತರಿ ಎತ್ತಿಕೊಡಬೇಕು, ಗೋಡೆಯ ಮೇಲೆ ಬೋರ್ಡಿಗೆ ಬರೆಯುವ ಹಾಗೆ ಕೈ ಎತ್ತಬೇಕು. "ಬಗಲಾಗ ಹಿಡಿತೈತೇನು? ಬೆನ್ನಾಗ ಎಳಿತೈತೇನು?" ಹುಡುಗಿ ಉತ್ತರ ಹೇಳಬೇಕೆಂದರೆ ತನ್ನ ಮೈ ಹೇಗೆ ಕಾಣುತ್ತಿದೆ ಅಂತ ಅಲ್ಲ, ಹೇಗೆ ಅಲ್ಲಾಡುತ್ತಿದೆ ಅಂತ ಗಮನಿಸಬೇಕು. ಅಕ್ಕನಿಗೆ ಯಾರೂ ಇದನ್ನು ಕಲಿಸಿಲ್ಲ. ಕೇಳಿದರೆ "ನಿಂತ್ರ ಎಲ್ಲಾ ಅಂಗೀನೂ ಕೂಡ್ತಾವ್ರಿ, ಕುಂತಾಗ ಗೊತ್ತಾಕ್ಕೈತಿ" ಅಂದರು.

ನನಗೆ ಆಗ ನೆನಪಾಗಿದ್ದು 1998ರ ಒಂದು ಪ್ರಯೋಗ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಜೊತೆಗಾರರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಒಂಟಿಯಾಗಿ ಕನ್ನಡಿ ಇರುವ ಕೋಣೆಯಲ್ಲಿ ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ಹಾಕಿ ನೋಡಲು ಕೊಟ್ಟರು. ಅದನ್ನು ಹಾಕಿಕೊಂಡೇ ಗಣಿತದ ಲೆಕ್ಕ ಮಾಡಬೇಕು. ಈಜುಡುಗೆ ಹಾಕಿದ ಹುಡುಗಿಯರು ಲೆಕ್ಕದಲ್ಲಿ ಹಿಂದೆ ಬಿದ್ದರು, ಹುಡುಗರಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಒಳಗೆ ಬೇರೆ ಯಾರೂ ಇರಲಿಲ್ಲ, ನೋಡುವವರೇ ಇಲ್ಲ. ಆದರೂ ಅರ್ಧ ತಲೆ ಕನ್ನಡಿಯ ಕಡೆಗೇ. ಅವರು ಕಾಲೇಜಿನವರು, ದೂರದ ದೇಶದವರು, ಒಪ್ಪುತ್ತೇನೆ. ಆದರೆ ಬೋರ್ಡಿನ ಮುಂದೆ ಓಡ್ನಿ ಎಳೆದುಕೊಳ್ಳುತ್ತಾ ಲೆಕ್ಕ ತಪ್ಪಿಸುವ ಹುಡುಗಿಯನ್ನು ದಿನಾ ನೋಡುವ ನನಗೆ ಅದು ದೂರದ್ದು ಅನಿಸಲಿಲ್ಲ.

ಇನ್ನು ಖಣದ ಕುಬಸದ (ಖಣ ಅನ್ನುವ ನಮ್ಮ ಕಡೆಯ ಬಟ್ಟೆಯಲ್ಲಿ ಹೊಲಿದ ರವಿಕೆಯ) ವಿಷಯ. ಪಂಚಮಿಗೆ ಅವಳ ಅಜ್ಜಿ ಇಳಕಲ್ ಸೀರೆ ಕೊಟ್ಟಿದ್ದರು, ಅದರ ಮೇಲೆ ಗುಳೇದಗುಡ್ಡ ಖಣದ ಕುಬಸ ಆಗಬೇಕು ಅಂತ ಆಸೆ. ಖಣ ತರಲು ಹೋದ ಬಟ್ಟೆ ಅಂಗಡಿಯಲ್ಲಿ ಒಬ್ಬರು ಹುಡುಗಿಯ ಮುಖ ನೋಡಿ ಕಡು ಬಣ್ಣದ ಖಣಗಳನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ಟರು. "ಇವ್ರಿಗೆ ತಿಳಿ ಬಣ್ಣ ತೋರಸಪ್ಪಾ" ಅಂತ. ಕಪ್ಪಗಿದ್ದಾಳೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯವರು 2020ರಲ್ಲಿ ‘ಫೇರ್’ ತೆಗೆದು ‘ಗ್ಲೋ’ ಹಾಕಿದರು, ನಮ್ಮ ಜನರ ಬಾಯಿಗೆ ಇನ್ನೂ ಹೊಸ ಟ್ಯೂಬ್ ಬಂದಿಲ್ಲ.

ತಿಳಿ ಗುಲಾಬಿ ಖಣ ತಂದು ಕೊಟ್ಟಾಗ ಟೇಲರ್ ಅಕ್ಕ ಮುಟ್ಟಿ ನೋಡಿ, ಹುಡುಗಿಯನ್ನು ಕೇಳಿದರು, "ಇದು ನೀನ ಆರಿಸಿದ್ದೇನು?" ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಅಕ್ಕ ತಮ್ಮ ಟ್ರಂಕಿನಿಂದ ಹೊಲಿದು ಉಳಿದ ಖಣದ ತುಂಡುಗಳನ್ನು ತೆಗೆದು ಬಾಗಿಲ ಹೊರಗೆ ಕಟ್ಟೆಯ ಮೇಲೆ ಹರವಿದರು, ಟ್ಯೂಬ್‌ಲೈಟಿನಲ್ಲಿ ಖಣದ ಬಣ್ಣ ನಂಬಬಾರದು ಅಂತ. ಖಣ ನೇಯುವಾಗ ಹಾಸಿನ ದಾರ ಒಂದು ಬಣ್ಣ, ಹೊಕ್ಕಿನ ದಾರ ಇನ್ನೊಂದು ಬಣ್ಣ ಇಟ್ಟಿರುತ್ತಾರೆ. ಬಿಸಿಲಿಗೆ ಹಿಡಿದು ಓರೆ ಮಾಡಿದರೆ ಬಣ್ಣವೇ ಬದಲಾಗುತ್ತದೆ. ಹುಡುಗಿ ಒಂದೊಂದೇ ತುಂಡು ಎತ್ತಿ ಓರೆ ಮಾಡಿ ನೋಡುತ್ತಾ ನೋಡುತ್ತಾ ಕೊನೆಗೆ ಕಡು ಹಸಿರಿನ ಮೇಲೆ ಕೆಂಪು ಮಿಂಚುವ ಒಂದು ತುಂಡಿನ ಹತ್ತಿರ ನಿಂತಳು. ಅಕ್ಕ ಒಪ್ಪುತ್ತದೆ ಅನ್ನಲಿಲ್ಲ, ಒಪ್ಪುವುದಿಲ್ಲ ಅನ್ನಲಿಲ್ಲ. "ಚೊಲೋ ನೇಯ್ಗಿ ಐತಿ ಅದು, ಅಂಚು ನೋಡು" ಅಂದರು. ಗುಲಾಬಿ ಖಣವನ್ನು ನಾನೇ ಹೊಲಿಸಿಕೊಂಡೆ. ಚೆನ್ನಾಗಿಯೇ ಇದೆ.

ಈ ಅಂಗಡಿಯಲ್ಲಿ ತಾಯಂದಿರಿಗೆ ಸ್ವಲ್ಪ ಕಷ್ಟ. ಒಂದು ಸಲ ನಾನು ಕೂತಿದ್ದಾಗಲೇ ಒಬ್ಬರು ಮಗಳನ್ನು ತಂದು, ನೋಡ್ರಿ ಎಷ್ಟು ದಪ್ಪ ಆಗ್ಯಾಳ, ಹೋದ ವರ್ಷದ್ದು ಒಂದೂ ಬರವಲ್ದು ಅಂತ ಶುರು ಮಾಡಿದರು. ಅಕ್ಕ ಮಷೀನು ನಿಲ್ಲಿಸದೆ, "ಆಕಿ ದಪ್ಪ ಆಗಿಲ್ರಿ, ಅಂಗಿ ಗಿಡ್ಡ ಆಗೇತಿ. ಬೆಳಿಯೂ ಹುಡುಗಿ, ಬೆಳಿಬ್ಯಾಡೇನು?" ಅಂದರು. ತಾಯಿ ಸಪ್ಪಗಾದರು. ಮಗಳು ಮೊಬೈಲ್ ನೋಡುವ ಹಾಗೆ ಮಾಡಿ ನಗು ಮುಚ್ಚಿಕೊಂಡಳು. ಅಕ್ಕ ಹೇಳಿದ್ದು ಸುಮ್ಮನೆ ಸಮಾಧಾನದ ಮಾತೂ ಅಲ್ಲ. ಹನ್ನೆರಡರ ಸುಮಾರಿಗೆ ಹುಡುಗಿಯರ ಎತ್ತರ ಜೋರಾಗಿ ಏರುತ್ತದೆ, ವರ್ಷಕ್ಕೆ ಎಂಟು ಸೆಂಟಿಮೀಟರ್‌ವರೆಗೂ. ಸೊಂಟ ಅಗಲ ಆಗುವುದು, ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚುವುದು ಆ ಬೆಳವಣಿಗೆಯ ಭಾಗವೇ. ಇದಕ್ಕಾಗಿಯೇ ಅಕ್ಕ ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಧಾರಾಳ ಮಾರ್ಜಿನ್ ಬಿಡುತ್ತಾರೆ, ಪ್ಯಾಂಟಿನ ತುದಿಯಲ್ಲಿ ಮೂರು ಬೆರಳು ಮಡಚಿ ಹೊಲಿಯುತ್ತಾರೆ. ಬಿಚ್ಚಿ ಕೊಡಲು ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗ ಕಡಿಮೆ ಮಾಡಿದ ಸ್ಟಾರಿನ ಲೆಕ್ಕ.

ಹೇಳಿದ ದಿನಕ್ಕೆ ಬಟ್ಟೆ ಸಿಗುವುದಿಲ್ಲ. ಸಿಗುವುದೇ ಇಲ್ಲ. "ನಾಳೆ ಬರ್ರಿ" ಅಂದರೆ ಈ ವಾರ ಅಂತ ತಿಳಿಯಬೇಕು. ಶಾಲೆ ಶುರುವಾದ ಮೇಲೆ ಯೂನಿಫಾರ್ಮ್ ಕೊಟ್ಟರೆ ಜುಲೈ ತನಕ ಹಳೆಯದರಲ್ಲೇ ಕಳಿಸಬೇಕಾದೀತು. ಮಾರ್ಜಿನ್ ಬಿಚ್ಚಿಸಿದಾಗ ಹಳೆ ಹೊಲಿಗೆಯ ಗೆರೆ ಉಳಿಯುತ್ತದೆ, ಒಗೆದು ಮಾಸಿದ ಬಟ್ಟೆಯ ನಡುವೆ ಹೊಸ ಬಣ್ಣದ ಪಟ್ಟಿ ಎದ್ದು ಕಾಣುತ್ತದೆ. ಇದಕ್ಕೆ ಅವರ ಹತ್ತಿರ ಉಪಾಯ ಇಲ್ಲ. ಮೊಬೈಲಿನಲ್ಲಿ ತೋರಿಸಿದ ಡಿಸೈನ್ ಬೇಕು ಅಂದರೆ ಇಲ್ಲಿಗೆ ಹೋಗಬೇಡಿ. ಪ್ರಿನ್ಸೆಸ್ ಕಟ್ ಮಾಡುತ್ತಾರೆ, ಬೋಟ್ ನೆಕ್ ಪರವಾಗಿಲ್ಲ, ಅದಕ್ಕಿಂತ ಮುಂದಿನದು ಅವರ ಕೈಗೆ ಒಗ್ಗಿಲ್ಲ. ಕೂರಲು ಒಂದೇ ಸ್ಟೂಲು. ಫೋನ್‌ಪೇ ಮಗನ ನಂಬರಿಗೆ, ಅವನು ಹುಬ್ಬಳ್ಳಿಯಲ್ಲಿ ಇರುವುದರಿಂದ ದುಡ್ಡು ಬಂತಾ ಅಂತ ಫೋನ್ ಮಾಡಿ ಕೇಳುವವರೆಗೂ ನಿಲ್ಲಬೇಕು.

ಇನ್ನೊಂದು ಹೇಳದೇ ಇರಲಾರೆ. ಇಷ್ಟೆಲ್ಲ ಸೂಕ್ಷ್ಮ ಇರುವ ಇದೇ ಅಕ್ಕ, ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಬಂದವರಿಗೆ "ಎಷ್ಟ ಬೆಳ್ಳಗ ಅದಾಳ್ರಿ, ಹಾಲ ಹಾಲ!" ಅಂತ ನಮ್ಮ ಹುಡುಗಿಯ ಮುಂದೆಯೇ ಹೇಳಿದರು. ನಾನು ಅವರ ಮುಖ ನೋಡಿದೆ, ಅವರಿಗೆ ಏನೂ ಅನಿಸಲಿಲ್ಲ. ಟೇಪು ಕೈಯಲ್ಲಿದ್ದಾಗ ಇರುವ ಎಚ್ಚರ ಟೇಪು ಇಳಿಸಿದ ಮೇಲೆ ಇರಲಿಲ್ಲ. ಅರ್ಧ ಸ್ಟಾರ್ ಹೋಗಿದ್ದು ಅದಕ್ಕೇ.

ಹುಡುಗಿ ಬದಲಾದಳಾ ಅಂತ ಕೇಳುತ್ತೀರಿ. ಸ್ವೆಟರ್ ಹೋಗಿಲ್ಲ, ಕಡಿಮೆಯಾಗಿದೆ. ಹೊಸ ಯೂನಿಫಾರ್ಮ್ ಹಾಕಿದ ದಿನ ಬ್ಯಾಗಿನಲ್ಲಿ ಮಡಚಿ ಇಟ್ಟುಕೊಂಡು ಹೋಗುತ್ತಾಳೆ, ಬೇಕಾದರೆ ಇರಲಿ ಅಂತ. ಮೊಡವೆಗೆ ಇನ್ನೂ ಅಳುತ್ತಾಳೆ. ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲೇ. ಟೇಲರಿಂದ ಎಲ್ಲ ಸರಿ ಹೋಗುತ್ತದೆ ಅಂತ ಬರೆದರೆ ಸುಳ್ಳಾಗುತ್ತದೆ. ನಿಮ್ಮ ಮನೆಯ ಹುಡುಗಿ ಊಟ ಬಿಡುತ್ತಿದ್ದರೆ, ಶಾಲೆಗೆ ಹೋಗುವುದಿಲ್ಲ ಅಂತ ಹಟ ಮಾಡಿದರೆ, ಒಬ್ಬಳೇ ಕೂತು ಅಳುತ್ತಿದ್ದರೆ ಅದು ಬಟ್ಟೆಯ ಮಾತಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರುತ್ತದೆ, ಆಪ್ತಸಮಾಲೋಚಕರು ಸಿಗುತ್ತಾರೆ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ರೇಟು: ಯೂನಿಫಾರ್ಮ್ ಚೂಡಿದಾರಕ್ಕೆ 350, ಅಸ್ತರ್ ಹಾಕಿಸಿದರೆ ಬಟ್ಟೆ ಸೇರಿ ನೂರು ಜಾಸ್ತಿ. ಖಣದ ಕುಬಸಕ್ಕೆ ಅಸ್ತರ್ ಸಮೇತ 400. ಫಾಲ್, ಪಿಕೋ ಇಲ್ಲಿ ಮಾಡುವುದಿಲ್ಲ. ಚೌಕಾಸಿ ಮಾಡಿದರೆ ಬಟ್ಟೆ ವಾಪಸ್ ಮಡಚಿ ಕೈಗೆ ಕೊಡುತ್ತಾರೆ, ಸಿಟ್ಟಿಲ್ಲ, ಆದರೆ ಕೊಡುತ್ತಾರೆ. ಯೂನಿಫಾರ್ಮ್ ಆದರೆ ಬೇಸಿಗೆ ರಜೆಯಲ್ಲೇ ಕೊಟ್ಟುಬಿಡಿ, ಪಂಚಮಿಗೆ ಅಂದರೆ ಒಂದು ತಿಂಗಳು ಮೊದಲು, ದೀಪಾವಳಿಗೆ ಅಂದರೆ ದಸರಾ ಒಳಗೆ. ಹೋಗುವಾಗ ಹುಡುಗಿಗೆ ಹಿತವಾಗಿರುವ ಒಂದು ಹಳೆ ಅಂಗಿ ಒಯ್ಯಿರಿ, ಯಾಕೆ ಹಿತ ಅಂತ ಅಕ್ಕ ಅವಳನ್ನೇ ಕೇಳುತ್ತಾರೆ. ಜೊತೆಗೆ ಒಬ್ಬರೇ ಹೋಗಿ. ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯವರು ಅಂತ ದಂಡು ಕಟ್ಟಿಕೊಂಡು ಹೋದರೆ ಸ್ಟೂಲ್ ಒಂದೇ ಇದೆ ಅಂತ ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತದೆ, ಬಡಿಯಬೇಡಿ.